ಬಂದೆನೆಂದವನು ಇನ್ನೂ ಬಂದಿಲ್ಲ

ಭೂತಕಾಲವೆಂದರೆ ಮುಗಿದುಹೋದ ಕ್ರಿಯೆಯನ್ನು ಸೂಚಿಸುವ ರೂಪವೆಂದು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ ನಾವು, ಊಟಕ್ಕೆ ಕರೆದ ತಾಯಿಗೆ ಹಿತ್ತಿಲಿನಿಂದಲೇ ‘ಬಂದೆ’ ಎಂದು ಕೂಗಿ ಉತ್ತರಿಸುವಾಗ, ಒಂದು ಹೆಜ್ಜೆಯನ್ನೂ ಕಿತ್ತಿಡದೆಯೇ ನಮ್ಮ ಆಗಮನವನ್ನು ಪೂರೈಸಿಬಿಟ್ಟೆವೆಂಬುದನ್ನು ಗಮನಿಸುವುದೇ ಇಲ್ಲ. ಕ್ರಿಯೆಯು ಅತ್ಯಂತ ಸನ್ನಿಹಿತವೂ ನಿಶ್ಚಿತವೂ ಆದಾಗ ಕನ್ನಡವು ಭವಿಷ್ಯಕ್ಕೆ ಭೂತದ ಉಡುಪನ್ನು ತೊಡಿಸುತ್ತದೆ. ದೂರದ ತಿರುವಿನಲ್ಲಿ ಧೂಳೆದ್ದೊಡನೆ ‘ಬಸ್ಸು ಬಂತು’ ಎಂದು ಗಂಟನ್ನೆತ್ತಿಕೊಳ್ಳುವ ಪ್ರಯಾಣಿಕನೂ ಇದೇ ನ್ಯಾಯಕ್ಕೆ ಸೇರಿದವನು.

ರೂಪದ ವಿಚಾರವೂ ಸ್ವಾರಸ್ಯವಾದುದೇ. ‘ಮಾಡು’ ಎಂಬುದು ‘ಮಾಡಿದನು’ ಆದಂತೆ ‘ಬರು’ ಎಂಬುದು ‘ಬರಿದನು’ ಆಗದೆ, ತನ್ನ ರಕಾರವನ್ನು ಕಳೆದುಕೊಂಡು, ದಕಾರದ ಹಿಂದೆ ಅನುನಾಸಿಕವೊಂದನ್ನು ಪಡೆದು ‘ಬಂದನು’ ಎಂದಾಗುತ್ತದೆ. ಹಳಗನ್ನಡದಲ್ಲಿ ‘ಬಂದಂ’, ಮಾತಿನಲ್ಲಿ ‘ಬಂದ’. ನಪುಂಸಕದಲ್ಲಿ ಗ್ರಂಥಸ್ಥವಾದ ‘ಬಂದಿತು’ ಒಂದು, ಆಡುನುಡಿಯ ‘ಬಂತು’ ಇನ್ನೊಂದು. ನನ್ನ ಕಿವಿಗೆ ಎರಡನೆಯದೇ ಹೆಚ್ಚು ಜೀವಂತ.

‘ಅತಿಥಿಯು ಬಂದನು’ ಎಂಬಲ್ಲಿ ಕರ್ತೃವು ತನ್ನ ಕಾಲಿನಿಂದಲೇ ನಡೆದು ಬರುತ್ತಾನೆ. ಆದರೆ ‘ನನಗೆ ನಿದ್ರೆ ಬಂತು’, ‘ಮಗುವಿಗೆ ಜ್ವರ ಬಂತು’, ‘ಅವರಿಗೆ ಕೋಪ ಬಂತು’ ಎಂಬ ವಾಕ್ಯಗಳಲ್ಲಿ ಮನುಷ್ಯನು ಚತುರ್ಥೀ ವಿಭಕ್ತಿಯಲ್ಲಿ ಸುಮ್ಮನೆ ಕುಳಿತಿರುತ್ತಾನೆ. ನಿದ್ರೆ, ಜ್ವರ, ಕೋಪಗಳೇ ಕರ್ತೃಗಳಾಗಿ ಅವನ ಬಾಗಿಲಿಗೆ ಬಂದು ನಿಲ್ಲುವುವು. ಕೋಪಿಷ್ಠರಿಗೆ ವ್ಯಾಕರಣವು ಒದಗಿಸಿಕೊಟ್ಟ ಈ ಸಮಾಧಾನ ಸಣ್ಣದೇನಲ್ಲ! ಇನ್ನು ‘ಹಿರಿಯರು ಹೇಳುತ್ತ ಬಂದರು’ ಎಂಬಲ್ಲಿಯಂತೂ ಯಾರೂ ಎಲ್ಲಿಂದಲೂ ಬಂದಿಲ್ಲ. ಹೇಳುವ ಕೆಲಸವೊಂದೇ ತಲೆಮಾರುಗಳ ಉದ್ದಕ್ಕೂ ಸಾಗಿಬಂದಿದೆ.