ವೈದ್ಯಗ್ರಂಥಾಲಯಗಳಲ್ಲಿ ಶೋಧನಶಿಕ್ಷಣವೂ ಅದರ ಫಲಪರೀಕ್ಷೆಯೂ

ಗ್ರಂಥಗಳನ್ನು ಸಂಗ್ರಹಿಸಿ ಕಾಪಾಡುವುದೊಂದೇ ಗ್ರಂಥಪಾಲಕನ ಧರ್ಮವೆಂದು ಎಣಿಸುತ್ತಿದ್ದ ಕಾಲವು ಕಳೆದುಹೋಗಿದೆ. ಓದುಗನು ಬೇಕಾದ ವಿಷಯವನ್ನು ತಾನೇ ಹುಡುಕಿ, ಕಂಡುದರ ಬಲಾಬಲಗಳನ್ನು ತೂಗಿನೋಡುವಂತೆ ಅವನನ್ನು ಪಳಗಿಸುವುದೂ ಈಗ ಅವನ ಕರ್ತವ್ಯವಾಗಿದೆ. ವೈದ್ಯಗ್ರಂಥಾಲಯಗಳಲ್ಲಿ ಈ ಶಿಕ್ಷಣದ ಹೊಣೆ ಹಿರಿದು. ಅಲ್ಲಿ ಹುಡುಕಾಟದ ಲೋಪವು ರೋಗಿಯ ದೇಹಕ್ಕೆ ತಗಲುವುದು. ಆದರೆ ಶಿಕ್ಷಣವು ಫಲಿಸಿತೆಂದು ತಿಳಿಯುವ ಬಗೆ ಯಾವುದು?

ಚಾಮರಾಜನಗರದ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. 2016ರಲ್ಲಿ ಅಲ್ಲಿ ಸರ್ಕಾರದ ವೈದ್ಯಕೀಯ ವಿದ್ಯಾಸಂಸ್ಥೆಯು ಆರಂಭವಾಯಿತು. ಅದು ಸೇರಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿಯೇ ಹೆಲಿನೆಟ್ ಎಂಬ ಕೂಟವನ್ನೇರ್ಪಡಿಸಿ, ದೇಶವಿದೇಶಗಳ ವೈದ್ಯಪತ್ರಿಕೆಗಳು ಕಾಲೇಜುಗಳಿಗೆ ಗಣಕಯಂತ್ರದ ಮೂಲಕ ದೊರೆಯುವಂತೆ ಮಾಡಿತು. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯದ ಪಬ್‌ಮೆಡ್ ಸೂಚಿಯಂತೂ 1997ರಿಂದ ಎಲ್ಲರಿಗೂ ಉಚಿತವಾಗಿದೆ. ಬಾಗಿಲು ತೆರೆದಿದೆ ನಿಜ. ಒಳಹೊಕ್ಕು ಬೇಕಾದುದನ್ನು ಆಯ್ದು ತರುವ ಜಾಣ್ಮೆ ಬೇರೆ.

ಇದಕ್ಕೊಂದು ನಿದರ್ಶನವನ್ನು ಕೊಡಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಜ್ವರವು 2012ರ ಕೊನೆಯಲ್ಲಿ ಬಂಡೀಪುರದ ಅರಣ್ಯದಲ್ಲಿ, ಎಂದರೆ ಗುಂಡ್ಲುಪೇಟೆಯ ನೆರೆಯಲ್ಲಿ, ಕಾಣಿಸಿಕೊಂಡಿತು. ಮಂಗಗಳು ಸತ್ತುವು, ಅರಣ್ಯದ ಕೆಲಸಗಾರರು ಜ್ವರಪೀಡಿತರಾದರು. ಜನರು ಇದನ್ನು ಮಂಗನ ಕಾಯಿಲೆ ಎನ್ನುವರು. ಶಾಸ್ತ್ರಲೇಖನಗಳಲ್ಲಿ ಕ್ಯಾಸನೂರಿನ ಹೆಸರೂ ಕೆ.ಎಫ್.ಡಿ. ಎಂಬ ಸಂಕ್ಷೇಪವೂ ಬಳಕೆಯಲ್ಲಿವೆ. ಒಂದೇ ಹೆಸರನ್ನು ಹಿಡಿದು ಹೊರಟವನಿಗೆ ಉಳಿದವು ತಪ್ಪಿಹೋಗಬಹುದು. ಅಮರಕೋಶವು ಪರ್ಯಾಯಪದಗಳನ್ನು ಒಂದೆಡೆ ಕೂಡಿಸುವಂತೆ, ಪಬ್‌ಮೆಡ್ಡಿನ ವಿಷಯಶೀರ್ಷಿಕೆಗಳು ಹಲವು ಹೆಸರುಗಳನ್ನು ಒಂದು ತಲೆಬರಹದಡಿ ತರುತ್ತವೆ. ಇವುಗಳ ಬಳಕೆಯನ್ನು ಕಲಿಸುವುದು ಗ್ರಂಥಪಾಲಕನ ಪಾಠದ ಮುಖ್ಯಭಾಗ.

ಪಾಠದ ಕೊನೆಯಲ್ಲಿ 'ತೃಪ್ತಿಯಾಯಿತೆ?' ಎಂದು ಕೇಳುವುದು ಸುಲಭವಾದ ಪರೀಕ್ಷೆ. ಪದ್ಯವು ತಿಳಿಯಿತೆನ್ನುವ ವಿದ್ಯಾರ್ಥಿಗೆಲ್ಲ ಅನ್ವಯವು ಬಂದೀತೆಂಬ ನಿಯಮವಿಲ್ಲವೆಂಬುದನ್ನು ಉಪಾಧ್ಯಾಯರು ಬಲ್ಲರು, ಇಲ್ಲಿಯೂ ಹಾಗೆಯೆ. ಮೆಚ್ಚಿಕೆ, ಕಲಿಕೆ, ನಡವಳಿಕೆ, ಪರಿಣಾಮ ಎಂಬ ನಾಲ್ಕು ಮೆಟ್ಟಿಲುಗಳನ್ನು ಅಮೆರಿಕದ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ವಿಂಗಡಿಸಿ ತೋರಿಸಿದನು. ತೃಪ್ತಿಯು ಮೊದಲನೆಯ ಮೆಟ್ಟಿಲು ಮಾತ್ರ. 2003ರಲ್ಲಿ ಪ್ರಕಟವಾದ ಫ್ರೆಸ್ನೊ ಪರೀಕ್ಷೆಯು ಎರಡನೆಯದನ್ನು ಅಳೆಯುತ್ತದೆ: ರೋಗಿಯ ವೃತ್ತಾಂತವನ್ನು ಕೊಟ್ಟು, ಅದರಿಂದ ಪ್ರಶ್ನೆಯನ್ನು ರಚಿಸುವ, ಆಕರಗಳನ್ನು ಹೆಸರಿಸುವ, ಹುಡುಕುವ ಕ್ರಮವನ್ನು ವಿವರಿಸುವ ಸಾಮರ್ಥ್ಯಕ್ಕೆ ಅಂಕಗಳನ್ನೀಯುವುದು ಅದರ ವಿಧಾನ. ಇಂಗ್ಲೆಂಡಿನ ಆಲಿಸನ್ ಬ್ರೆಟಲ್ 2003ರಲ್ಲಿಯೂ 2007ರಲ್ಲಿಯೂ ಇಂತಹ ಅಧ್ಯಯನಗಳನ್ನು ಸಮಾಲೋಚಿಸಿದಾಗ, ಚೆನ್ನಾಗಿ ಒರೆಹಚ್ಚಿದ ಅಳತೆಗೋಲುಗಳು ವಿರಳವೆಂಬುದು ವ್ಯಕ್ತವಾಯಿತು.

ಆದುದರಿಂದ ಪರೀಕ್ಷೆಯನ್ನು ಮೂರು ಸಲ ನಡೆಸುವುದು ಯುಕ್ತ: ಪಾಠಕ್ಕೆ ಮುಂಚೆ, ಮುಗಿದ ಕೂಡಲೆ, ಕೆಲವು ತಿಂಗಳ ಬಳಿಕ. ಪ್ರಶ್ನೆಗಳು ಬೇರೆಯಾಗಿ, ಕಾಠಿಣ್ಯವು ಸಮವಾಗಿರತಕ್ಕದ್ದು. ತರಗತಿಯ ಅರ್ಧಕ್ಕೆ ಮೊದಲೂ ಉಳಿದರ್ಧಕ್ಕೆ ಅನಂತರವೂ ಪಾಠ ಹೇಳಿದರೆ, ಯಾರೂ ವಂಚಿತರಾಗದೆ ಹೋಲಿಕೆಯು ದೊರೆಯುವುದು. ಉತ್ತರಪತ್ರವು ಯಾವ ಗುಂಪಿನದೆಂದು ಅಂಕವೀಯುವವನಿಗೆ ತಿಳಿದಿರಬಾರದು.

ನಾಲ್ಕನೆಯ ಮೆಟ್ಟಿಲು ಕಠಿನತರ. ರೋಗಿಯು ಗುಣಹೊಂದುವುದಕ್ಕೆ ಔಷಧ, ದಾದಿ, ದಾರಿಯ ದೂರ ಮೊದಲಾದ ಕಾರಣಗಳು ಹಲವಾಗಿರುವಾಗ, ಕೀರ್ತಿಯನ್ನು ಗ್ರಂಥಾಲಯವೊಂದಕ್ಕೇ ಸಲ್ಲಿಸುವುದು ನ್ಯಾಯವಲ್ಲ. ಆದರೂ ಕಾಡಂಚಿನಿಂದ ಅರಿಯದ ಜ್ವರವು ಬಂದ ದಿನ, ವೈದ್ಯನು ಸರಿಯಾದ ಹೆಸರಿನಿಂದ ಹುಡುಕಿದನೆ ಎಂಬುದನ್ನು ಅಳೆಯಲು ಸಾಧ್ಯ. ಫಲಪರೀಕ್ಷೆಯಲ್ಲಿ ಕೊರತೆಯು ಕಂಡುಬಂದರೆ ಅದು ಅಪಮಾನವಲ್ಲ; ಮುಂದಿನ ಪಾಠವು ಎಲ್ಲಿಂದ ತೊಡಗಬೇಕೆಂಬುದನ್ನು ಅದೇ ತೋರಿಸಿಕೊಡುತ್ತದೆ.