ಡೀಸೆಲ್ ಕಾರಿನ ಗಾಳಿನಾಲೆ: ಮ್ಯಾನಿಫೋಲ್ಡ್ ದುರಸ್ತಿಯ ಕಸುಬು

ಇನ್‌ಟೇಕ್ ಮ್ಯಾನಿಫೋಲ್ಡ್ ಎಂದರೆ ಎಂಜಿನ್ನಿನ ಗಾಳಿನಾಲೆ. ಏರ್ ಫಿಲ್ಟರಿನಲ್ಲಿ ಶುದ್ಧವಾಗಿ, ಟರ್ಬೊದಲ್ಲಿ ಒತ್ತಡ ಪಡೆದು, ಇಂಟರ್‌ಕೂಲರ್ ಇದ್ದರೆ ಅಲ್ಲಿ ತಣ್ಣಗಾಗಿ ಬಂದ ಗಾಳಿಯನ್ನು ಅದು ಪ್ರತಿ ಸಿಲಿಂಡರಿಗೂ ಹಂಚುತ್ತದೆ. ನಾಲೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಹತ್ತುವುದಿಲ್ಲ; ಏರಿ ಒಡೆದರೆ ನೀರು ಪೋಲಾಗುತ್ತದೆ. ಮ್ಯಾನಿಫೋಲ್ಡಿಗೆ ಬರುವ ರೋಗಗಳೂ ಮುಖ್ಯವಾಗಿ ಈ ಎರಡೇ: ಒಳಗೆ ಮಸಿ ಕಟ್ಟುವುದು, ಹೊರಗೆ ಗಾಳಿ ಸೋರುವುದು.

1 ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಡೀಸೆಲ್ ಎಂಜಿನ್ ಇದಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡಬೇಕಾದದ್ದು. ಆಲೆಮನೆಯ ಒಲೆಗೆ ಗಾಳಿ ಸಾಲದಿದ್ದರೆ ಬೆಂಕಿ ಮಂಕಾಗಿ ಹೊಗೆ ಕಪ್ಪಾಗುವಂತೆ, ಸಿಲಿಂಡರಿಗೆ ಗಾಳಿ ಕಡಿಮೆಯಾದರೆ ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬರುತ್ತದೆ, ಪಿಕಪ್ ಇಳಿಯುತ್ತದೆ, ಮೈಲೇಜ್ ಕುಸಿಯುತ್ತದೆ.

ಮಸಿ ಕಟ್ಟುವುದಕ್ಕೆ ಎರಡು ಸಾಮಗ್ರಿಗಳು ಕೂಡಬೇಕು. ಒಂದು, ಇಜಿಆರ್ ವಾಲ್ವಿನ ಮೂಲಕ ಮರಳಿ ಬರುವ ಹೊಗೆ. ಉರಿಯ ತಾಪ ತಗ್ಗಿಸಿ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡಲೆಂದು ಎಂಜಿನ್ ಸ್ವಲ್ಪ ಹೊಗೆಯನ್ನು ತಾನೇ ಮತ್ತೆ ಸೇದಿಕೊಳ್ಳುತ್ತದೆ. ಇನ್ನೊಂದು, ಬ್ರೀದರ್ ಪೈಪಿನಿಂದ ಬರುವ ಆಯಿಲ್ ಆವಿ. ಒಣಮಸಿ ಒಂದೇ ಆಗಿದ್ದರೆ ಗಾಳಿಯೊಡನೆ ಬಹುಪಾಲು ಹಾರಿಹೋಗುತ್ತಿತ್ತು. ಎಣ್ಣೆಯ ಜಿಡ್ಡು ಅದನ್ನು ಹಿಡಿದು ಡಾಂಬರಿನಂತೆ ಪದರ ಪದರವಾಗಿ ಅಂಟಿಸುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಂತೆಬಾಚಹಳ್ಳಿಯಂಥ ಊರುಗಳಲ್ಲಿ ಕಾರು ಓಡುವ ರೀತಿಯೂ ಇದಕ್ಕೆ ಇಂಬು ಕೊಡುತ್ತದೆ. ತೋಟಕ್ಕೆ, ಸಂತೆಗೆ, ಬಸ್ ನಿಲ್ದಾಣಕ್ಕೆ ಎಂದು ಸಣ್ಣ ದೂರದ ಓಡಾಟವೇ ಹೆಚ್ಚಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗುವುದಿಲ್ಲ. ಇಜಿಆರ್ ಹೆಚ್ಚು ತೆರೆದಿರುವುದು ಇಂಥ ನಿಧಾನದ ಓಟದಲ್ಲೇ. ಮಣ್ಣುದಾರಿಯ ದೂಳು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಕಾರಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ: ಫಿಯೆಟ್ ರೂಪಿಸಿದ 1,248 ಸಿಸಿ ಡೀಸೆಲ್ ಎಂಜಿನ್ 2007ರಲ್ಲಿ ಸ್ವಿಫ್ಟಿಗೂ 2008ರಲ್ಲಿ ಡಿಸೈರ್ ಮತ್ತು ಇಂಡಿಕಾ ವಿಸ್ಟಾಗಳಿಗೂ ಬಂತು. ಬಿಎಸ್-6 ನಿಯಮ ಜಾರಿಯಾದ 2020ರ ಏಪ್ರಿಲ್‌ಗೆ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ಹೊಸದು ಸಿಗದ ಈ ಕಾರುಗಳು ಬಾಳುವುದು ದುರಸ್ತಿಯ ಬಲದ ಮೇಲೆಯೇ.

ರೋಗ ಹಿಡಿಯುವ ಕೆಲಸ ಕಣ್ಣು, ಕಿವಿಗಳಿಂದ ಶುರುವಾಗುತ್ತದೆ. ಮೊದಲು ಫಿಲ್ಟರ್, ಆಮೇಲೆ ಹೋಸ್ ಪೈಪು, ಕ್ಲಾಂಪುಗಳು. ಜೋಡಣೆಯ ಬಳಿ ಎಣ್ಣೆ ಒಸರಿ ದೂಳು ಮೆತ್ತಿದ್ದರೆ ಗಾಳಿ ಅಲ್ಲೇ ಸೋರುತ್ತಿರಬಹುದು. ಏರಿನಲ್ಲಿ ‘ಸುಯ್’ ಎನ್ನುವ ಸದ್ದು ಟರ್ಬೊ ಒತ್ತಡ ಹೊರನುಗ್ಗುತ್ತಿರುವ ಗುರುತು. ಪೆಟ್ರೋಲ್ ಎಂಜಿನ್ನಿನ ಸೀಳು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಟರ್ಬೊ ಡೀಸೆಲ್ಲಿನ ಸೀಳು ಒಳಗಿನ ಗಾಳಿಯನ್ನು ಹೊರಗೆ ಚೆಲ್ಲುತ್ತದೆ. ಹೀಗಾಗಿ ಎಂಜಿನ್ ನಿಲ್ಲಿಸಿ, ಕೊಳವೆಯ ಬಾಯಿ ಮುಚ್ಚಿ, ಕಡಿಮೆ ಒತ್ತಡದ ಗಾಳಿ ಬಿಟ್ಟು ಸೋಪುನೀರು ಸವರಿದರೆ ಗುಳ್ಳೆ ಎದ್ದ ಜಾಗವೇ ಉತ್ತರ ಹೇಳುತ್ತದೆ.

ಮುಂದಿನದು ಸ್ಕ್ಯಾನರ್. ಪಿ0299 ಎಂದರೆ ಟರ್ಬೊ ಒತ್ತಡ ಕಡಿಮೆ, ಪಿ0401 ಎಂದರೆ ಇಜಿಆರ್ ಹರಿವು ಸಾಲದು, ಪಿ0402 ಎಂದರೆ ಹರಿವು ಹೆಚ್ಚು. ಕೋಡ್ ರೋಗದ ಲಕ್ಷಣವನ್ನಷ್ಟೇ ಹೇಳುತ್ತದೆ, ಕಾರಣವನ್ನಲ್ಲ. ಒತ್ತಡ ಕಡಿಮೆಯಾದದ್ದು ಹರಿದ ಹೋಸಿನಿಂದಲೂ ಇರಬಹುದು, ಟರ್ಬೊದಿಂದಲೂ ಇರಬಹುದು. ಕೀ ಆನ್ ಮಾಡಿ ಎಂಜಿನ್ ಓಡಿಸದಿದ್ದಾಗ ಮ್ಯಾನಿಫೋಲ್ಡಿನ ಒತ್ತಡದ ಸೆನ್ಸರ್ ಊರಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು 101 ಕಿಲೋಪ್ಯಾಸ್ಕಲ್. ಮೈಸೂರು ಪ್ರಸ್ಥಭೂಮಿಯ 800–900 ಮೀಟರ್ ಎತ್ತರದಲ್ಲಿ ಸುಮಾರು 91–92. ಪುಸ್ತಕದ 101ನ್ನೇ ನಂಬಿದ ಮೆಕ್ಯಾನಿಕ್ ಇಲ್ಲಿ ಒಳ್ಳೆಯ ಸೆನ್ಸರನ್ನು ಬಿಸಾಡುತ್ತಾನೆ. ಇನ್ನು ಸ್ಕ್ಯಾನರಿನಿಂದ ಇಜಿಆರ್ ಮುಚ್ಚಿಸಿದರೆ ಒಳಬರುವ ತಾಜಾ ಗಾಳಿಯ ಅಳತೆ ಏರಬೇಕು. ಏರದಿದ್ದರೆ ವಾಲ್ವ್ ಮಸಿಯಲ್ಲಿ ಸಿಕ್ಕಿಕೊಂಡಿರುವ ಸಂಶಯ.

ಬಿಚ್ಚುವ ಮುನ್ನ ಎಂಜಿನ್ ಆರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಓಡುವಾಗ ಕಾಮನ್ ರೈಲ್ ಪೈಪಿನಲ್ಲಿ ಡೀಸೆಲ್ ಒತ್ತಡ 1,000 ಬಾರ್ ಮೀರಬಹುದು. ಚಿಮ್ಮಿದರೆ ಚರ್ಮವನ್ನೇ ತೂರಬಲ್ಲದು. ಮ್ಯಾನಿಫೋಲ್ಡ್ ಕೈಗೆ ಬಂದ ಕೂಡಲೇ ಹೆಡ್ಡಿನ ತೂತುಗಳನ್ನು ಶುದ್ಧ ಬಟ್ಟೆಯಿಂದ ಮುಚ್ಚಬೇಕು. ಗಟ್ಟಿ ಮಸಿಯ ಒಂದು ಚೂರು ಒಳಗೆ ಬಿದ್ದರೂ ವಾಲ್ವಿಗೆ, ಪಿಸ್ಟನ್ನಿಗೆ ಅಪಾಯ.

ಭಾಗವನ್ನು ಡೀಸೆಲ್ಲಿನಲ್ಲೋ ಕಾರ್ಬನ್ ಕ್ಲೀನರಿನಲ್ಲೋ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ತೊಳೆದು, ಗಾಳಿ ಹೊಡೆದು ಪೂರ್ತಿ ಒಣಗಿಸುತ್ತಾರೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿನ್ನುವುದರಿಂದ ಅದನ್ನು ಹತ್ತಿರ ಸೇರಿಸಬಾರದು. ಸೆನ್ಸರನ್ನು ಮೊದಲೇ ಬಿಚ್ಚಿಟ್ಟು, ಅದಕ್ಕೆಂದೇ ಇರುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು, ಕೆರೆಯಕೂಡದು. ಆಮೇಲೆ ಉಕ್ಕಿನ ಪಟ್ಟಿ ಇಟ್ಟು ಕೂರುವ ಮುಖ ಸಮವಾಗಿದೆಯೇ ಎಂದು ಫೀಲರ್ ಗೇಜಿನಿಂದ ನೋಡುತ್ತಾರೆ. ಅಲ್ಯೂಮಿನಿಯಂ ಬಿರುಕನ್ನು ಆರ್ಗಾನ್ ವೆಲ್ಡಿಂಗ್ ಕೂಡಿಸಬಹುದು; ಪ್ಲಾಸ್ಟಿಕ್ ಸೀಳಿದರೆ ಬದಲಿಸುವುದೇ ಸರಿ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕುವಂತಿಲ್ಲ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಒಂದೇ ಸಲಕ್ಕೆ ಒಂದು ತುದಿಯಿಂದ ಬಿಗಿದರೆ ಮುಖ ಬಾಗಿ ಮತ್ತೆ ಸೋರುತ್ತದೆ.

ತೊಳೆದಿಟ್ಟರಷ್ಟೇ ಕೆಲಸ ಮುಗಿಯದು. ಮಸಿಯ ಮೂಲ ಉಳಿದರೆ ಅದು ಮತ್ತೆ ಕಟ್ಟುತ್ತದೆ. ಇಂಜೆಕ್ಟರ್ ಹನಿಸುತ್ತಿದೆಯೇ, ಬ್ರೀದರ್ ಕಟ್ಟಿದೆಯೇ, ಟರ್ಬೊ ಸೀಲು ಸವೆದು ಆಯಿಲ್ ಬಿಡುತ್ತಿದೆಯೇ ಎಂದು ನೋಡಲೇಬೇಕು. ಆಯಿಲ್ ಹೆಚ್ಚಾಗಿ ಒಳಸೇರಿದರೆ ಎಂಜಿನ್ ಅದನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಓಡಬಹುದು. ಇಜಿಆರ್‌ಗೆ ತಗಡು ಹೊಡೆದು ಮುಚ್ಚುವುದು ದುರಸ್ತಿಯಲ್ಲ: ಅದು ವಿಷದ ಹೊಗೆಯನ್ನು ಊರಿಗೆ ಬಿಡುತ್ತದೆ, ಹೊಗೆ ನಿಯಮವನ್ನೂ ಮುರಿಯುತ್ತದೆ.

ಕೊನೆಗೆ ಕೋಡ್ ಅಳಿಸಿ, ಏರಿನ ದಾರಿಯಲ್ಲಿ ಓಡಿಸಿ, ಒತ್ತಡ ಮತ್ತು ಗಾಳಿಯ ಅಳತೆಗಳನ್ನು ಮತ್ತೊಮ್ಮೆ ಓದಬೇಕು. ಆಮೇಲಿನ ಆರೈಕೆ ಮಾಲೀಕರದು: ದೂಳಿನ ಕಾಲದಲ್ಲಿ ಫಿಲ್ಟರ್ ಬೇಗ ಬದಲಿಸುವುದು, ಸರಿಯಾದ ದರ್ಜೆಯ ಆಯಿಲ್ ಹಾಕಿಸುವುದು, ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಒಂದೇ ಹದದ ವೇಗದಲ್ಲಿ ಓಡಿಸುವುದು.