ಗಾಜಿನ ತೊಟ್ಟಿಯಲ್ಲಿ ಚಿಟ್ಟೆಮೀನುಗಳ ದಾಂಪತ್ಯ

ಇರುಳಿನಲ್ಲಿ ಅಗಲಿ ಕೊರಗುವ ಚಕ್ರವಾಕ ದಂಪತಿಗಳನ್ನು ನಮ್ಮ ಕವಿಗಳು ಬಗೆಬಗೆಯಾಗಿ ವರ್ಣಿಸಿರುವುದನ್ನು ವಾಚಕರೆಲ್ಲರೂ ಬಲ್ಲರು. ಆದರೆ ಸಮುದ್ರದ ಮೀನುಗಳಲ್ಲಿಯೂ ಜೊತೆಯನ್ನು ಬಿಡದೆ ಬಾಳುವ ಜಾತಿಗಳುಂಟೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಅಂತಹವುಗಳಲ್ಲಿ ಚಿಟ್ಟೆಮೀನು ಮುಖ್ಯವಾದುದು. ಅಂಗೈಯಂತೆ ಚಪ್ಪಟೆಯಾಗಿ, ಹಳದಿ, ಬಿಳುಪು, ಕಪ್ಪು ಪಟ್ಟೆಗಳಿಂದ ಶೋಭಿಸುವ ಈ ಮೀನನ್ನು ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಜೋಡಿಯಾಗಿ ಸಾಕಬೇಕೆಂದು ಆಸೆಪಡುವ ಗೃಹಸ್ಥರ ಸಲುವಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಚಿಟ್ಟೆಮೀನುಗಳಲ್ಲಿ ಸುಮಾರು ೧೩೦ ಜಾತಿಗಳುಂಟು. ಉಷ್ಣವಲಯದ ಸಮುದ್ರಗಳ ಹವಳದ ದಿಬ್ಬಗಳೇ ಇವುಗಳ ಮುಖ್ಯ ನೆಲೆ. ನಮ್ಮ ದೇಶದಲ್ಲಿ ಲಕ್ಷದ್ವೀಪದ ಸುತ್ತಲೂ, ಕನ್ನಡ ಕರಾವಳಿಯಲ್ಲಿ ಮುರ್ಡೇಶ್ವರಕ್ಕೆ ಎದುರಾಗಿರುವ ನೇತ್ರಾಣಿ ದ್ವೀಪದ ಬಳಿಯೂ ಇವು ಕಾಣಸಿಗುತ್ತವೆ. ಇವುಗಳಲ್ಲಿ ಅನೇಕ ಜಾತಿಗಳು ಒಂದು ಗಂಡು ಒಂದು ಹೆಣ್ಣಾಗಿ ಸೇರಿ, ತಮ್ಮದೇ ಒಂದು ಎಲ್ಲೆಯನ್ನು ಮಾಡಿಕೊಂಡು, ಸ್ವಜಾತಿಯ ಪರಕೀಯರನ್ನು ಅದರೊಳಗೆ ಬರಗೊಡದೆ ಬಾಳುತ್ತವೆ. ಆಸ್ಟ್ರೇಲಿಯಾದ ಮಹಾ ಹವಳದಿಬ್ಬದಲ್ಲಿ ಶಾಸ್ತ್ರಜ್ಞರು ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಜೋಡಿಯು ಹಳೆಯದಾದಂತೆ ಎಲ್ಲೆಯನ್ನು ಕೂಡಿ ಕಾಯುವುದು ಹೆಚ್ಚುವುದೆಂದೂ ತಮ್ಮೊಳಗಿನ ಜಗಳ ಕಡಮೆಯಾಗುವುದೆಂದೂ ತಿಳಿದುಬಂದಿದೆ. ಹೊಸ ಜೋಡಿಗೆ ಈ ಹೊಂದಿಕೆ ಬರಲು ಕಾಲ ಬೇಕು.

ಈ ಕಾರಣದಿಂದ, ಅಂಗಡಿಯಿಂದ ಎರಡು ಮೀನು ತಂದು ಒಂದೇ ತೊಟ್ಟಿಗೆ ಬಿಟ್ಟ ಮಾತ್ರಕ್ಕೆ ಜೋಡಿಯಾಯಿತೆಂದು ತಿಳಿಯಲಾಗದು. ಚಿಟ್ಟೆಮೀನಿನಲ್ಲಿ ಗಂಡು ಹೆಣ್ಣುಗಳ ಭೇದ ಹೊರನೋಟಕ್ಕೆ ಕಾಣುವುದಿಲ್ಲ. ಹೂಕಲ್ಲಿನ ಮೀನು ಎನ್ನಿಸಿಕೊಳ್ಳುವ ಬೇರೆ ಕುಲದ ಕೆಂಪು ಮೀನುಗಳಲ್ಲಾದರೋ, ಎರಡು ಮರಿಗಳನ್ನು ಕೂಡಿಸಿದರೆ ದೊಡ್ಡದು ಹೆಣ್ಣಾಗಿ ಮಾರ್ಪಡುತ್ತದೆ; ಚಿಟ್ಟೆಮೀನುಗಳಿಂದ ಅಂತಹ ಅನುಕೂಲವನ್ನು ಎದುರುನೋಡಬಾರದು. ಹೊಂದದ ಎರಡು ಮೀನುಗಳು ಸಮುದ್ರದಲ್ಲಿ ಎದುರಾದರೆ ಸೋತದ್ದು ದೂರ ಹೋಗಿ ಬದುಕುತ್ತದೆ. ಗಾಜಿನ ನಾಲ್ಕು ಗೋಡೆಗಳೊಳಗೆ ಅದಕ್ಕೆ ಓಡಲು ಸ್ಥಳವೆಲ್ಲಿ? ಮೂಲೆ ಸೇರಿ, ಮೇವು ಬಿಟ್ಟು, ಕೆಲವೇ ದಿನಗಳಲ್ಲಿ ಸಾಯುವುದೂ ಉಂಟು.

ಆದುದರಿಂದ ವರ್ತಕನ ತೊಟ್ಟಿಯಲ್ಲಿ ಆಗಲೇ ಜೊತೆಜೊತೆಯಾಗಿ ತಿರುಗುತ್ತಿರುವ ಮೀನುಗಳನ್ನೇ ಆರಿಸಿಕೊಳ್ಳುವುದು ಉತ್ತಮ. ಅವುಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಒಂದು ತಿರುಗಿದತ್ತ ಇನ್ನೊಂದು ತಿರುಗುತ್ತಿದ್ದು, ಮೇವಿನ ಬಳಿ ಎರಡೂ ಕಾದಾಡದೆ ತಿನ್ನುತ್ತಿದ್ದರೆ ಎರಡನ್ನೂ ಕೊಳ್ಳಬಹುದು. ಹಣ ಸಾಲದಿದ್ದರೆ ಒಂದನ್ನು ಮಾತ್ರ ಅಗಲಿಸಿ ತರುವುದಕ್ಕಿಂತ ಬರಿಗೈಯಲ್ಲಿ ಹಿಂದಿರುಗುವುದೇ ಲೇಸು. ಇಂತಹ ಜೋಡಿ ದೊರೆಯದಿದ್ದಲ್ಲಿ, ಒಂದು ದೊಡ್ಡದು ಒಂದು ಚಿಕ್ಕದಾದ ಎಳೆಯ ಮೀನುಗಳನ್ನು ಒಂದೇ ದಿನ ತಂದು, ನಡುವೆ ತೂತುಗಳಿರುವ ಪಾರದರ್ಶಕ ಹಲಗೆಯನ್ನಿಟ್ಟು, ಕೆಲವು ದಿನ ಪರಸ್ಪರ ನೋಡಗೊಡಬೇಕು. ಹಲಗೆ ತೆಗೆದ ಮೇಲೆ ಮೊದಮೊದಲು ಸ್ವಲ್ಪ ಅಟ್ಟಾಟವಾದರೆ ಅಂಜಬೇಕಾದುದಿಲ್ಲ. ರೆಕ್ಕೆ ಹರಿದರೆ, ಅಥವಾ ಒಂದು ಮೇವು ಬಿಟ್ಟರೆ, ಕೂಡಲೇ ಬೇರ್ಪಡಿಸಬೇಕು. ಇದಕ್ಕಾಗಿ ಎರಡನೆಯ ಚಿಕ್ಕ ತೊಟ್ಟಿಯೊಂದು ಸದಾ ಸಿದ್ಧವಾಗಿರತಕ್ಕದ್ದು.

ಇನ್ನು ಆಹಾರದ ವಿಚಾರ. ಕೆಲವು ಜಾತಿಗಳು ಜೀವಂತ ಹವಳವನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲವೆಂದೇ ಹೇಳಬಹುದು. ಅವುಗಳನ್ನು ಮನೆಗೆ ತರುವುದು ಉಪವಾಸದಿಂದ ಕೊಲ್ಲುವುದಕ್ಕೆ ಸಮಾನ. ಬೆನ್ನುರೆಕ್ಕೆಯಿಂದ ನೂಲೆಳೆಯೊಂದು ಹೊರಟಿರುವ ಆರಿಗಾ ಎಂಬ ಜಾತಿ ಮನೆಯ ತೊಟ್ಟಿಗೆ ಒಗ್ಗುವವುಗಳಲ್ಲಿ ಪ್ರಸಿದ್ಧವಾದುದು. ಅರೇಬಿಯಾ ಯಾತ್ರೆಯಲ್ಲಿ ೧೭೬೩ರಲ್ಲಿ ಮಡಿದ ಫೋರ್ಸ್‌ಕಾಲ್ ಎಂಬ ಪಂಡಿತನು ಬರೆದಿಟ್ಟಿದ್ದ ಇದರ ವರ್ಣನೆ ೧೭೭೫ರಲ್ಲಿ ಅಚ್ಚಾಯಿತು. ಇದು ಹುಳು, ಸಿಗಡಿ, ಪಾಚಿ ಮುಂತಾದುವನ್ನೆಲ್ಲ ತಿನ್ನುತ್ತದೆ. ಸಣ್ಣ ಸಿಗಡಿಯನ್ನೂ ಕೊಚ್ಚಿದ ಚಿಪ್ಪುಮಾಂಸವನ್ನೂ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ, ತೊಟ್ಟಿಯ ಎರಡು ಕಡೆಗಳಲ್ಲಿ ಹಾಕಿದರೆ ಬಲವಾದದ್ದೊಂದೇ ಎಲ್ಲವನ್ನೂ ಕಬಳಿಸುವಂತಾಗದು. ಕೊಳ್ಳುವ ಮೊದಲು ಮೀನು ಕಣ್ಣೆದುರಿಗೆ ತಿನ್ನುವುದನ್ನು ನೋಡದೆ ಹಣ ಕೊಡಬಾರದು.

ಆರಿಗಾ ಮೀನು ೨೦ ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುವುದರಿಂದ, ಜೋಡಿಗೆ ಸುಮಾರು ೫೦೦ ಲೀಟರು ಹಿಡಿಯುವ ತೊಟ್ಟಿ ಬೇಕು. ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪಿನಂಶ, ೨೫ರಿಂದ ೨೬ ಡಿಗ್ರಿ ಸೆಂಟಿಗ್ರೇಡ್ ಶಾಖ ಇರಬೇಕು. ಉಪ್ಪೆಂದರೆ ಅಡಿಗೆಯ ಉಪ್ಪಲ್ಲ, ಇದಕ್ಕಾಗಿಯೇ ಮಾರುವ ಸಮುದ್ರಲವಣ. ಮೀನಿನ ಮಲದಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ಕರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುವುದಾದ್ದರಿಂದ, ಅದಕ್ಕೆ ಮುಂಚೆ ಮೀನು ಬಿಡಲಾಗದು. ಹೊಸ ಮೀನುಗಳನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿದ್ಯುಚ್ಛಕ್ತಿ ನಿಂತ ಹೊತ್ತಿನಲ್ಲಿ ಗಾಳಿಯೂಡುವ ಬ್ಯಾಟರಿಯ ಪಂಪು ಮನೆಯಲ್ಲಿರಲಿ.

ಮಾರಾಟಕ್ಕೆ ಬರುವ ಚಿಟ್ಟೆಮೀನುಗಳು ಬಹುಮಟ್ಟಿಗೆ ಸಮುದ್ರದಿಂದ ಹಿಡಿದು ತಂದವುಗಳೆಂಬುದನ್ನು ಮರೆಯಬಾರದು. ನಾವು ತರುವ ಪ್ರತಿಯೊಂದು ಜೋಡಿಯೂ ಯಾವುದೋ ದಿಬ್ಬದ ತನ್ನ ಎಲ್ಲೆಯನ್ನು ಬಿಟ್ಟು ಬಂದದ್ದು. ಹವಳವನ್ನಂತೂ ಕಡಲಿನಿಂದ ಕಿತ್ತು ತರುವಂತೆಯೇ ಇಲ್ಲ. ೨೦೦೧ರಿಂದ ನಮ್ಮ ದೇಶದ ವನ್ಯಜೀವಿ ಕಾಯಿದೆಯು ಕಲ್ಲುಹವಳಗಳಿಗೆ ರಕ್ಷಣೆ ಕೊಟ್ಟಿದೆ. ಇಷ್ಟೆಲ್ಲ ಏರ್ಪಾಡು ತಮ್ಮಿಂದಾಗದೆಂದು ತೋರಿದವರು ಈ ಆಸೆಯನ್ನು ಬಿಡುವುದೇ ದಯೆ. ಆಗುವುದೆಂದು ತೋರಿದವರು ಮೊದಲು ತೊಟ್ಟಿಯನ್ನು ಕಟ್ಟಿ, ನೀರನ್ನು ಹದಗೊಳಿಸಿ, ಜೋಡಿಗಾಗಿ ತಾಳ್ಮೆಯಿಂದ ಕಾಯಲಿ. ಕಾದು ತಂದ ಜೋಡಿ ಒಂದರ ಪಕ್ಕದಲ್ಲೊಂದು ಈಜುತ್ತ ನೆಮ್ಮದಿಯಾಗಿ ಮೇಯುವುದನ್ನು ಕಂಡಾಗ, ಪಟ್ಟ ಶ್ರಮ ವ್ಯರ್ಥವಾಗಲಿಲ್ಲವೆಂದು ಮನೆಯವರೆಲ್ಲರಿಗೂ ತೋರುವುದರಲ್ಲಿ ಸಂದೇಹವಿಲ್ಲ.